ಹಮಾಮತ್ಸುವಿನಲ್ಲಿ ಶುಶ್ರೂಷಾ ವೃತ್ತಿ ನಡೆದು ಬಂದ ದಾರಿ

ನಮ್ಮ ಸಂಘದ ಸಂಸ್ಥಾಪನಾ ದಿನದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಮೊದಲು ಹಿಂಜರಿದೆ. ಇಂತಹ ಸಂಚಿಕೆಗಳಲ್ಲಿ ಹಂಪೆಯ ವೈಭವ, ದಾಸರ ಪದಗಳ ಹಿರಿಮೆ, ರಜೆಯಲ್ಲಿ ಊರಿಗೆ ಹೋಗಿಬಂದ ಅನುಭವ ಇವನ್ನು ನಾವು ಓದಿ ಸಂತೋಷಪಡುತ್ತೇವೆ. ನಾನು ಸಾಹಿತಿಯಲ್ಲ. ನನಗೆ ತಿಳಿದಿರುವುದು ಒಂದೇ ಕಸುಬು, ದಾದಿಯ ಕಸುಬು. ಆದರೂ ಈ ಲೇಖನಕ್ಕೆ ಕೈಹಾಕಲು ಒಂದು ಕಾರಣವಿದೆ.

ಒಂದು ಯುಗಾದಿಯ ದಿನ ನಾವೆಲ್ಲ ಕೂಡಿ ಹೋಳಿಗೆ ಊಟ ಮಾಡುತ್ತಿದ್ದಾಗ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮವರ ಮಗಳೊಬ್ಬಳು ತಾನು ನರ್ಸಿಂಗ್ ಓದುವೆನೆಂದು ಹೇಳಿದಳು. ಅವಳ ತಾಯಿಯ ಮುಖ ಸಪ್ಪಗಾಯಿತು. “ಇಷ್ಟು ದೂರ ಬಂದು, ಇಷ್ಟು ಕಷ್ಟಪಟ್ಟು ಓದಿಸಿ, ಕೊನೆಗೆ ಡಾಕ್ಟರ ಹಿಂದೆ ಟ್ರೇ ಹಿಡಿದು ನಿಲ್ಲೋದಕ್ಕೆ ಕಳಿಸಬೇಕಾ? ನೀವೇ ಹೇಳಿ ಅಕ್ಕ” ಎಂದು ನನ್ನ ಕಡೆ ತಿರುಗಿದರು. ಆ ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಹುಡುಗಿಯ ಆಸೆಯೂ ಸುಳ್ಳಲ್ಲ, ತಾಯಿಯ ಅಂಜಿಕೆಯೂ ಸುಳ್ಳಲ್ಲ. ಅಂದು ಹೇಳಲಾಗದ ಉತ್ತರವನ್ನು ಇಂದು ಬರೆದು ಹೇಳುತ್ತಿದ್ದೇನೆ. ಅದಕ್ಕೆ ನಾವು ವಾಸಿಸುವ ಈ ಊರಿನ ಚರಿತ್ರೆಯೇ ನೆರವಿಗೆ ಬಂದಿದೆ.

ಒಂದು ರಾತ್ರಿಯ ನೆನಪು

ಮೊದಲು ನನ್ನದೇ ಒಂದು ಪ್ರಸಂಗ. ಮೂರು ವರ್ಷದ ಜನರಲ್ ನರ್ಸಿಂಗ್ ಮುಗಿಸಿ, ಬಯಲುಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೇಸಿಗೆಯ ಒಂದು ರಾತ್ರಿ ವಾಂತಿಭೇದಿಯಿಂದ ಬಳಲಿದ ಮಗುವನ್ನು ಎತ್ತಿನ ಗಾಡಿಯಲ್ಲಿ ತಂದರು. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಾಗೆಯೇ ಮಡಿಕೆಯಾಗಿ ನಿಲ್ಲುತ್ತಿತ್ತು. ಡಾಕ್ಟರು ಊರಲ್ಲಿರಲಿಲ್ಲ. ಫೋನೂ ಸಿಗಲಿಲ್ಲ. ಬಾಯಿಂದ ಕೊಟ್ಟ ನೀರು ನಿಲ್ಲುತ್ತಿರಲಿಲ್ಲ. ಕೊನೆಗೆ ಲಾಟೀನಿನ ಬೆಳಕಿನಲ್ಲಿ ರಕ್ತನಾಳ ಹುಡುಕಿ ನಾನೇ ಡ್ರಿಪ್ ಹಾಕಿದೆ. ಬೆಳಗಿನ ಜಾವ ಮಗು ಉಚ್ಚೆ ಹೊಯ್ದಾಗ ಅದರ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು.

ಬೆಳಿಗ್ಗೆ ಡಾಕ್ಟರು ಬಂದು ಎಲ್ಲವನ್ನೂ ಕೇಳಿದರು. “ಒಳ್ಳೇ ಕೆಲಸ ಮಾಡಿದೆಯಮ್ಮ” ಎಂದರು. ನಂತರ ಕೇಸ್ ಷೀಟಿನಲ್ಲಿ ರಾತ್ರಿಯ ಸಮಯ ಹಾಕಿ, ಡ್ರಿಪ್ ಕೊಡಬೇಕೆಂದು ಬರೆದು, ಸಹಿ ಮಾಡಿದರು. ಅವರು ಕೆಟ್ಟವರಲ್ಲ, ನನ್ನನ್ನು ಕಾಪಾಡಲೆಂದೇ ಹಾಗೆ ಮಾಡಿದರು. ಆದರೆ ಆ ಕಾಗದದಲ್ಲಿ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಮಗು ಉಳಿಯದೆ ಹೋಗಿದ್ದರೆ ಮಾತ್ರ ನನ್ನ ಹೆಸರೊಂದೇ ಕೇಳಿಬರುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಕೆಲಸ ರಾತ್ರಿಯದು, ಸಹಿ ಬೆಳಗಿನದು. ದಾದಿಯರ ಚರಿತ್ರೆಯನ್ನು ಓದುತ್ತ ಹೋದಂತೆ, ಎಲ್ಲ ದೇಶಗಳಲ್ಲಿಯೂ ಕಥೆ ಹೀಗೆಯೇ ಇದೆ ಎಂದು ನನಗೆ ತಿಳಿಯಿತು. ವೈದ್ಯರು ತಲುಪದ ಕಡೆ ದಾದಿ ಕೆಲಸ ಮಾಡುತ್ತಾಳೆ. ಕಾಯಿದೆ ಬಹಳ ನಿಧಾನವಾಗಿ, ಕೆಲವೊಮ್ಮೆ ಅರ್ಧ ಶತಮಾನ ಕಳೆದ ಮೇಲೆ, ಬಂದು ಸಹಿ ಹಾಕುತ್ತದೆ.

1886ರ ಎರಡು ಊರುಗಳು

ತರಬೇತಿ ಪಡೆದ ದಾದಿಯರ ಪರಂಪರೆ ಜಪಾನಿನಲ್ಲಾಗಲಿ ನಮ್ಮಲ್ಲಾಗಲಿ ಬಹಳ ಹಳೆಯದಲ್ಲ. ತೋಕಿಯೋದಲ್ಲಿ ವೈದ್ಯ ತಕಾಗಿ ಕನೆಹಿರೋ ಅವರು 1885ರಲ್ಲಿ ದಾದಿಯರ ಶಾಲೆಯೊಂದನ್ನು ತೆರೆದರು. ಮರುವರ್ಷ, ಅಂದರೆ 1886ರಲ್ಲಿ, ಅಮೆರಿಕದ ಲಿಂಡಾ ರಿಚರ್ಡ್ಸ್ ಎಂಬುವರು ಕ್ಯೋತೋ ನಗರಕ್ಕೆ ಬಂದು ದೋಶಿಶಾ ಸಂಸ್ಥೆಯ ಶಾಲೆಯಲ್ಲಿ ಜಪಾನಿ ಹುಡುಗಿಯರಿಗೆ ಶುಶ್ರೂಷೆಯ ಪಾಠ ಹೇಳತೊಡಗಿದರು. ಅದೇ 1886ರಲ್ಲಿ ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದರು. ಮೈಸೂರಿನಲ್ಲಿ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಇಂದಿಗೂ ಹಳೆಯ ಮೈಸೂರಿಗರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ‘ಸಿಸ್ಟರ್’ ಎಂಬ ಮಾತು ನಮ್ಮ ಕನ್ನಡದಲ್ಲಿ ನರ್ಸಿಗೆ ಅಂಟಿಕೊಂಡದ್ದು ಇಂತಹ ಆಸ್ಪತ್ರೆಗಳಿಂದಲೇ.

ಹಾಗೆಂದು ಅದಕ್ಕೆ ಮುಂಚೆ ಶುಶ್ರೂಷೆಯೇ ಇರಲಿಲ್ಲವೆಂದು ತಿಳಿಯಬಾರದು. ನಮ್ಮ ಹಳ್ಳಿಗಳ ಸೂಲಗಿತ್ತಿಯರಂತೆ ಇಲ್ಲಿಯೂ ‘ಸಾಂಬಾ’ ಎಂಬ ಸೂಲಗಿತ್ತಿಯರಿದ್ದರು. ಜಪಾನಿನಲ್ಲಿ 1950ರಲ್ಲಿಯೂ ನೂರಕ್ಕೆ ತೊಂಬತ್ತೈದು ಹೆರಿಗೆಗಳು ಮನೆಗಳಲ್ಲೇ ಆಗುತ್ತಿದ್ದವು ಎಂದರೆ ಇಂದಿನ ನಮ್ಮ ಮಕ್ಕಳು ನಂಬಲಾರರು. ನಮ್ಮ ಕಡೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ಸ್ಮರಿಸಬೇಕು. ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಒಂದು ಕಾಸೂ ಬೇಡದೆ, ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಅವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ವಿಷಯದಲ್ಲಂತೂ ಸಹಿ ಬಂದದ್ದು ಬಾಳಿನ ಸಂಜೆಯಲ್ಲಿ.

ಮಿಕತಹರದ ಗುಡಿಸಲು

ಈಗ ನಮ್ಮ ಹಮಾಮತ್ಸುವಿಗೆ ಬರೋಣ. ನಮ್ಮಲ್ಲಿ ಹೆಚ್ಚಿನವರಿಗೆ ಈ ಊರು ಕಾರು, ಮೋಟರ್ ಸೈಕಲ್ ಮತ್ತು ಪಿಯಾನೋಗಳ ಊರು. ಸುಜುಕಿ ಕಂಪನಿ 1982ರಲ್ಲಿ ಮಾರುತಿಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಭಾರತಕ್ಕೂ ಈ ಊರಿಗೂ ನಂಟು ಬೆಳೆಯಿತು. ಆದರೆ ಊರಿನ ಉತ್ತರಕ್ಕೆ, ಚಳಿಗಾಲದಲ್ಲಿ ಒಣಗಾಳಿ ಬೀಸುವ ಮಿಕತಹರ ಪ್ರಸ್ಥಭೂಮಿಯಲ್ಲಿ, ಇನ್ನೊಂದು ಚರಿತ್ರೆಯಿದೆ. ಶಾಲೆಯಲ್ಲಿ ಮಕ್ಕಳು ಅಲ್ಲಿ ನಡೆದ ತೊಕುಗಾವಾ ಇಯೆಯಾಸು ಮತ್ತು ತಕೇದಾ ಶಿಂಗೆನ್ ಅವರ ಯುದ್ಧದ ಬಗ್ಗೆ ಓದುತ್ತಾರೆ. ನಾನು ಹೇಳಹೊರಟಿರುವುದು ಬೇರೆ ಬಗೆಯ ಹೋರಾಟ.

1903ರಲ್ಲಿ ಹುಟ್ಟಿದ ಹಸೆಗಾವಾ ತಮೋತ್ಸು ಎಂಬ ಯುವಕರು 1926ರಲ್ಲಿ ತಮ್ಮ ಕ್ರೈಸ್ತ ಗೆಳೆಯರೊಂದಿಗೆ ಹಮಾಮತ್ಸುವಿನಲ್ಲಿ ಬಟ್ಟೆ ಒಗೆಯುವ ಅಂಗಡಿಯೊಂದನ್ನು ತೆರೆದರು. ಅದರ ಹೆಸರು ‘ಸೇರೇ’. ಪವಿತ್ರವಾದ ದಾಸ್ಯ ಎಂಬುದು ಅದರ ಅರ್ಥ. ನಮ್ಮ ದಾಸರು, ಶರಣರು ಬಳಸಿದ ‘ದಾಸ’, ‘ತೊತ್ತು’ ಎಂಬ ಮಾತುಗಳ ಭಾವವೇ ಅಲ್ಲವೆ? 1930ರಲ್ಲಿ ಕ್ಷಯರೋಗದಿಂದ ನರಳುತ್ತಿದ್ದ, ಎಲ್ಲಿಯೂ ಜಾಗ ಸಿಗದ ಒಬ್ಬ ರೋಗಿ ಇವರ ಆಶ್ರಯಕ್ಕೆ ಬಂದ. ಆ ಕಾಲದಲ್ಲಿ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಮನೆಯಲ್ಲಿ ಕ್ಷಯವಿದೆಯೆಂದರೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಬ್ಬ ರೋಗಿಗಾಗಿ ಇವರು ಚಿಕ್ಕ ಗುಡಿಸಲು ಕಟ್ಟಿದರು. ಒಬ್ಬ ಬಂದದ್ದು ತಿಳಿದು ಇನ್ನಷ್ಟು ಜನ ಬಂದರು. ಸುತ್ತಲಿನವರ ವಿರೋಧ ಹೆಚ್ಚಿತು. ಕೊನೆಗೆ 1937ರಲ್ಲಿ ರೋಗಿಗಳೊಡನೆ ಮಿಕತಹರದ ಬಯಲಿಗೆ ಹೋಗಿ ನೆಲೆಸಿದರು. ಅಲ್ಲಿಯೂ ವಿರೋಧ, ಅಲ್ಲಿಯೂ ಬಡತನ. ಇನ್ನು ಮುಚ್ಚುವುದೇ ಗತಿ ಎನ್ನುವ ಹೊತ್ತಿಗೆ, 1939ರ ಡಿಸೆಂಬರ್ 25ರಂದು, ಚಕ್ರವರ್ತಿಗಳಿಂದ ಸಹಾಯಧನ ಬಂತು. ವಿರೋಧದ ಬಾಯಿ ಕಟ್ಟಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಗುಡಿಸಲಿನಲ್ಲಿ ಮೊದಲು ಇದ್ದದ್ದು ಶುಶ್ರೂಷೆ. ಕಫ ತುಂಬಿದ ಬಟ್ಟಲು ತೊಳೆಯುವುದು, ಗಂಜಿ ಕುಡಿಸುವುದು, ಹಾಸಿಗೆ ಬಿಸಿಲಿಗೆ ಹಾಕುವುದು, ಸಾಯುವವನ ಪಕ್ಕ ಕುಳಿತುಕೊಳ್ಳುವುದು. ವೈದ್ಯರು, ಕಟ್ಟಡ, ಯಂತ್ರ ಎಲ್ಲ ಆಮೇಲೆ ಬಂದವು. ಇಂದು ನಾವು ಜ್ವರ ಬಂದರೆ, ಹೆರಿಗೆಗೆ, ಶಸ್ತ್ರಚಿಕಿತ್ಸೆಗೆ ಹೋಗುವ ಸೇರೇ ಮಿಕತಹರ ಆಸ್ಪತ್ರೆ ಮತ್ತು 1962ರಲ್ಲಿ ಆಸ್ಪತ್ರೆಯಾದ ಸೇರೇ ಹಮಾಮತ್ಸು ಎರಡೂ ಆ ಗುಡಿಸಲಿನ ಸಂತಾನ.

ಯುದ್ಧ ಮುಗಿದ ಮೇಲೆ ಇಲ್ಲಿ ದಾದಿಯರ ಶಿಕ್ಷಣವೂ ಹೆಜ್ಜೆ ಹೆಜ್ಜೆಯಾಗಿ ಬೆಳೆಯಿತು. 1952ರಲ್ಲಿ ಸಹಾಯಕ ದಾದಿಯರ ತರಬೇತಿ ಶಾಲೆ, 1969ರಲ್ಲಿ ಕಿರಿಯ ಕಾಲೇಜು, 1992ರಲ್ಲಿ ನಾಲ್ಕು ವರ್ಷದ ನರ್ಸಿಂಗ್ ವಿಶ್ವವಿದ್ಯಾಲಯ. ಅದೇ ಇಂದಿನ ಸೇರೇ ಕ್ರಿಸ್ಟೋಫರ್ ವಿಶ್ವವಿದ್ಯಾಲಯ. 1974ರಲ್ಲಿ ಸ್ಥಾಪನೆಯಾದ ಹಮಾಮತ್ಸು ವೈದ್ಯಕೀಯ ವಿಶ್ವವಿದ್ಯಾಲಯವೂ 1995ರಲ್ಲಿ ನರ್ಸಿಂಗ್ ವಿಭಾಗ ತೆರೆಯಿತು. 1991ರಲ್ಲಿ ಇಡೀ ಜಪಾನಿನಲ್ಲಿ ನರ್ಸಿಂಗ್ ಪದವಿ ನೀಡುವ ವಿಶ್ವವಿದ್ಯಾಲಯಗಳು ಕೇವಲ 11 ಇದ್ದವು, ಈಗ ಸುಮಾರು 300. ನಮ್ಮ ಹುಡುಗಿ ಓದಬೇಕೆಂದಿರುವ ಶಿಕ್ಷಣ ಈ ಊರಿನಲ್ಲಿಯೇ, ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿಯೇ ಇದೆ.

ಮಿಕತಹರದ ಹೆಸರು ಇನ್ನೂ ಎರಡು ಕಾರಣಕ್ಕೆ ಜಪಾನಿನ ಚರಿತ್ರೆಯಲ್ಲಿ ಉಳಿದಿದೆ. ವೃದ್ಧರ ಕಲ್ಯಾಣದ ಕಾಯಿದೆ 1963ರಲ್ಲಿ ಬರುವುದಕ್ಕೆ ಎರಡು ವರ್ಷ ಮೊದಲೇ, 1961ರಲ್ಲಿ, ಹಾಸಿಗೆ ಹಿಡಿದ ವೃದ್ಧರಿಗಾಗಿ ಜೂಜಿನೋಎನ್ ಎಂಬ ಆಲಯ ಇಲ್ಲಿ ಆರಂಭವಾಯಿತು. ಅದರ ಹಿಂದೆ ಜರ್ಮನಿಯಿಂದ ಬಂದ ಸೇವಾವ್ರತಿ ದಾದಿಯರ ದುಡಿಮೆಯಿತ್ತು. ಆಮೇಲೆ 1981ರಲ್ಲಿ, ಗುಣವಾಗದ ಕಾಯಿಲೆಯವರು ನೋವಿಲ್ಲದೆ ಕೊನೆಯ ದಿನಗಳನ್ನು ಕಳೆಯಲೆಂದು, ಜಪಾನಿನ ಮೊದಲ ಹಾಸ್ಪಿಸ್ ಸೇರೇ ಮಿಕತಹರ ಆಸ್ಪತ್ರೆಯಲ್ಲಿ ತೆರೆಯಿತು. ಎರಡರಲ್ಲಿಯೂ ರೋಗ ವಾಸಿಮಾಡುವುದಕ್ಕಿಂತ ರೋಗಿಯನ್ನು ನೋಡಿಕೊಳ್ಳುವುದೇ ಮುಖ್ಯ. ದಾದಿ ಮುಂದೆ, ಕಾಯಿದೆ ಹಿಂದೆ.

ಎರಡು ಕಾಯಿದೆಗಳು

ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಜಾರಿಯಾದದ್ದು 1947ರ ಡಿಸೆಂಬರ್ 31ರಂದು. ಜಪಾನಿನ ಸಾರ್ವಜನಿಕ ಆರೋಗ್ಯ ದಾದಿ, ಸೂಲಗಿತ್ತಿ ಮತ್ತು ದಾದಿಯರ ಕಾಯಿದೆ ಹೊರಟದ್ದು 1948ರ ಜುಲೈ 30ರಂದು. ಏಳು ತಿಂಗಳ ಅಂತರ. ಒಂದು ದೇಶ ಹೊಸದಾಗಿ ಸ್ವತಂತ್ರವಾಗಿತ್ತು, ಇನ್ನೊಂದು ಸೋತು ಬೂದಿಯಿಂದ ಏಳುತ್ತಿತ್ತು. ನಮ್ಮ ಕಾಯಿದೆ ಮುಖ್ಯವಾಗಿ ಶಿಕ್ಷಣ ಮತ್ತು ನೋಂದಣಿಯ ವಿಷಯ ಹೇಳಿತು. ದಾದಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಬಿಡಿಸಿ ಹೇಳಲಿಲ್ಲ.

ಜಪಾನಿನ ಕಾಯಿದೆ ಅದನ್ನು ಹೇಳಿತು. ದಾದಿಯ ಕೆಲಸ ಎರಡು: ರೋಗಿಯ ಆರೈಕೆ ಮತ್ತು ಚಿಕಿತ್ಸೆಯಲ್ಲಿ ವೈದ್ಯರಿಗೆ ನೆರವು. ವೈದ್ಯರ ಸೂಚನೆಯಿಲ್ಲದೆ ಔಷಧಿ ಕೊಡಬಾರದು, ವೈದ್ಯಕೀಯ ಉಪಕರಣ ಬಳಸಬಾರದು, ತುರ್ತು ಸಂದರ್ಭದ ಪ್ರಥಮೋಪಚಾರ ಮಾತ್ರ ಇದಕ್ಕೆ ಹೊರತು. ಸೂಲಗಿತ್ತಿಗೆ ಮಾತ್ರ ಸಹಜ ಹೆರಿಗೆಯನ್ನು ತಾನೇ ನಡೆಸುವ, ತನ್ನದೇ ಹೆರಿಗೆ ಮನೆ ತೆರೆಯುವ ಅಧಿಕಾರ ಉಳಿಯಿತು. ‘ವೈದ್ಯರ ಸೂಚನೆ’ ಎಂಬ ಈ ಎರಡು ಪದಗಳ ಸುತ್ತಲೇ ಮುಂದಿನ ಎಪ್ಪತ್ತು ವರ್ಷಗಳ ಚರ್ಚೆಯೆಲ್ಲ ನಡೆದಿದೆ.

ಇದಕ್ಕೆ ಒಂದು ಉದಾಹರಣೆ ಸಾಕು. 1951ರಲ್ಲಿ ಜಪಾನ್ ಸರ್ಕಾರ ಒಂದು ಸುತ್ತೋಲೆಯಲ್ಲಿ, ರಕ್ತನಾಳಕ್ಕೆ ಚುಚ್ಚುಮದ್ದು ಕೊಡುವುದು ದಾದಿಯ ಕೆಲಸದ ವ್ಯಾಪ್ತಿಗೆ ಸೇರಿದ್ದಲ್ಲ, ಅದು ವೈದ್ಯರ ಕೆಲಸ ಎಂದು ತಿಳಿಸಿತು. ಆದರೆ ಆಸ್ಪತ್ರೆಗಳಲ್ಲಿ ನಡೆದದ್ದೇ ಬೇರೆ. ವಾರ್ಡುಗಳು ದೊಡ್ಡದಾದವು, ರೋಗಿಗಳು ಹೆಚ್ಚಿದರು, ವೈದ್ಯರು ಒಬ್ಬರೋ ಇಬ್ಬರೋ. ದಾದಿಯರೇ ಆ ಚುಚ್ಚುಮದ್ದು ಕೊಡುತ್ತ ಬಂದರು. ಎಲ್ಲರಿಗೂ ಗೊತ್ತು, ಯಾರೂ ಹೇಳುವ ಹಾಗಿಲ್ಲ. 2002ರ ಸೆಪ್ಟೆಂಬರ್ 30ರಂದು ಸರ್ಕಾರ ಹಳೆಯ ಸುತ್ತೋಲೆಯನ್ನು ಹಿಂದೆಗೆದು, ವೈದ್ಯರ ಸೂಚನೆಯ ಮೇರೆಗೆ ದಾದಿ ಇದನ್ನು ಮಾಡಬಹುದು ಎಂದು ಒಪ್ಪಿಕೊಂಡಿತು. 51 ವರ್ಷ! ಆಗ ನಾನು ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಸಹಾಯಕಿಯಾಗಿದ್ದೆ. ಜೊತೆಯ ಹಿರಿಯ ಜಪಾನಿ ದಾದಿ ಈ ಸುದ್ದಿಯನ್ನು ಚಹಾದ ಹೊತ್ತಿನಲ್ಲಿ ಹೇಳಿ ನಕ್ಕರು. ನನಗೆ ಲಾಟೀನಿನ ಬೆಳಕಿನ ಆ ರಾತ್ರಿ ನೆನಪಾಯಿತು.

ಅದೇ ವರ್ಷ ಹೆಸರೂ ಬದಲಾಯಿತು. ಅಲ್ಲಿಯವರೆಗೆ ಹೆಂಗಸರಿಗೆ ‘ಕಂಗೋಫು’ ಎನ್ನುತ್ತಿದ್ದರು. 2002ರ ಮಾರ್ಚಿನಿಂದ ಗಂಡಸರು ಹೆಂಗಸರು ಎಲ್ಲರಿಗೂ ‘ಕಂಗೋಶಿ’ ಎಂಬ ಒಂದೇ ಹೆಸರು. ನಮ್ಮಲ್ಲಿಯೂ ‘ದಾದಿ’, ‘ನರ್ಸಮ್ಮ’ ಎಂದು ಕರೆಯುತ್ತಿದ್ದವರನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎನ್ನುತ್ತಾರೆ. ಹೆಸರು ಬದಲಾದರೆ ಸಾಲದು ನಿಜ. ಆದರೆ ಹೆಸರೇ ಇಲ್ಲದೆ ಅಧಿಕಾರ ಬಂದದ್ದೂ ಇಲ್ಲ.

ಬೆಟ್ಟದ ಹಳ್ಳಿಗಳು ಮತ್ತು ನರ್ಸ್ ಪ್ರಾಕ್ಟೀಷನರ್

1992ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಕೇಂದ್ರಗಳು ಆರಂಭವಾದವು. ಇವುಗಳ ವಿಶೇಷವೆಂದರೆ ಕೇಂದ್ರದ ಮುಖ್ಯಸ್ಥರು ವೈದ್ಯರಲ್ಲ, ದಾದಿಯರು. ನಮ್ಮ ಹಮಾಮತ್ಸು ನಗರದ ವ್ಯಾಪ್ತಿ ಈಗ ತೆನ್‌ರ್ಯೂ ನದಿಯ ಮೇಲ್ಭಾಗದ ಬೆಟ್ಟದ ಹಳ್ಳಿಗಳವರೆಗೂ ಹಬ್ಬಿದೆ. ಅಲ್ಲಿ ನಮ್ಮ ಮಲೆನಾಡಿನ ಒಂಟಿ ಮನೆಗಳಂತೆ ದೂರ ದೂರದ ಮನೆಗಳು, ಮನೆಯಲ್ಲಿ ವಯಸ್ಸಾದವರು ಒಬ್ಬರೋ ಇಬ್ಬರೋ. ಅಂತಹ ಮನೆಯ ಬಾಗಿಲು ತಟ್ಟುವ ದಾದಿ, ಹುಣ್ಣು ಕೊಳೆತಿರುವುದನ್ನೋ ಮೈ ನೀರಾರಿ ಒಣಗಿರುವುದನ್ನೋ ಕಣ್ಣಾರೆ ಕಂಡರೂ ವೈದ್ಯರ ಲಿಖಿತ ಸೂಚನೆಗಾಗಿ ಕಾಯಬೇಕು.

ಇದೇ ತೊಂದರೆ ಅಮೆರಿಕದ ಹಳ್ಳಿಗಾಡಿನಲ್ಲಿಯೂ ಇತ್ತು. ಅಲ್ಲಿ 1965ರಲ್ಲಿ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ ಹೊಸ ತರಬೇತಿ ಆರಂಭಿಸಿದರು. ಅನುಭವಿ ದಾದಿಗೆ ರೋಗಿಯನ್ನು ಪರೀಕ್ಷಿಸುವುದು, ಸಾಮಾನ್ಯ ಕಾಯಿಲೆಗಳನ್ನು ಗುರುತಿಸುವುದು, ಚಿಕಿತ್ಸೆ ನೀಡುವುದು ಇವನ್ನು ಕಲಿಸುವುದು ಅದರ ಗುರಿ. ಅವರೇ ‘ನರ್ಸ್ ಪ್ರಾಕ್ಟೀಷನರ್’. ಫೋರ್ಡ್ ಅವರು 2025ರ ಜನವರಿಯಲ್ಲಿ ತಮ್ಮ 104ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರುಗಳು ಸ್ವತಂತ್ರವಾಗಿ ಔಷಧಿ ಬರೆದುಕೊಡುತ್ತಿದ್ದರು.

ಜಪಾನಿನಲ್ಲಿ ಈ ಶಿಕ್ಷಣವನ್ನು ಮೊದಲು ಆರಂಭಿಸಿದ್ದು ಓಯಿತ ಪ್ರಾಂತ್ಯದ ನರ್ಸಿಂಗ್ ವಿಶ್ವವಿದ್ಯಾಲಯ, 2008ರಲ್ಲಿ. ಹಲವು ವರ್ಷದ ಅನುಭವವಿರುವ ದಾದಿಗೆ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ. ಮುಗಿಸಿದವರನ್ನು ‘ಶಿನ್‌ರ್ಯೋ ಕಂಗೋಶಿ’ ಎನ್ನುತ್ತಾರೆ. ಆದರೆ ಇದು ಶಿಕ್ಷಣ ಸಂಸ್ಥೆಗಳ ಒಕ್ಕೂಟ ನೀಡುವ ಮಾನ್ಯತೆ, ಸರ್ಕಾರದ ಪರವಾನಗಿಯಲ್ಲ. ಇವರು ತಮ್ಮ ಹೆಸರಿನಲ್ಲಿ ಔಷಧಿ ಬರೆದುಕೊಡುವಂತಿಲ್ಲ. ಸರ್ಕಾರದ ಪರವಾನಗಿ ಬೇಕೆಂದು ದಾದಿಯರ ಸಂಘ ಒತ್ತಾಯಿಸುತ್ತ ಬಂದಿದೆ, ವೈದ್ಯರ ಸಂಘ ಒಪ್ಪಿಲ್ಲ.

ನಡುವೆ ಸರ್ಕಾರ ಒಂದು ಮಧ್ಯಮ ಮಾರ್ಗ ಹಿಡಿಯಿತು. 2014ರಲ್ಲಿ ಕಾಯಿದೆ ತಿದ್ದಿ, 2015ರ ಅಕ್ಟೋಬರ್ 1ರಿಂದ, 21 ವಿಭಾಗಗಳಲ್ಲಿ 38 ನಿರ್ದಿಷ್ಟ ಕೆಲಸಗಳನ್ನು ಗುರುತಿಸಿತು. ಕೊಳೆತ ಹುಣ್ಣಿನ ಸತ್ತ ಮಾಂಸ ತೆಗೆಯುವುದು, ನೀರಾರಿದ ರೋಗಿಗೆ ಡ್ರಿಪ್ಪಿನ ಪ್ರಮಾಣ ಸರಿಪಡಿಸುವುದು, ಇನ್ಸುಲಿನ್ ಪ್ರಮಾಣ ಹೊಂದಿಸುವುದು, ಗಂಟಲಿನ ಉಸಿರುನಳಿಗೆ ಬದಲಾಯಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ತರಬೇತಿ ಪಡೆದ ದಾದಿಗೆ ವೈದ್ಯರು ಮೊದಲೇ ಒಂದು ಲಿಖಿತ ಕ್ರಮಪತ್ರ ಕೊಟ್ಟಿರುತ್ತಾರೆ. ಅದಕ್ಕೆ ‘ತೆಜುನ್‌ಶೋ’ ಎನ್ನುತ್ತಾರೆ. ಇಂತಹ ರೋಗಿ, ಇಂತಹ ಲಕ್ಷಣ, ಆಗ ಇದನ್ನು ಮಾಡು, ಈ ಮಿತಿ ದಾಟಿದರೆ ನನ್ನನ್ನು ಕರೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಮಿತಿಯೊಳಗೆ ದಾದಿ ತನ್ನ ಬುದ್ಧಿಯಿಂದ ನಿರ್ಧರಿಸಬಹುದು. ಸಹಿ ಬೆಳಗಿನ ಬದಲು ಹಿಂದಿನ ದಿನವೇ ಬಂದಂತಾಯಿತು. ಇದು ಚಿಕ್ಕ ಬದಲಾವಣೆಯಲ್ಲ. ರಾತ್ರಿ ಪಾಳಿ ಮಾಡಿದವರಿಗೆ ಇದರ ಬೆಲೆ ಗೊತ್ತು.

ನಮ್ಮ ನಾಡಿನಲ್ಲಿ

ನಮ್ಮ ಕಡೆಯೂ ಕಾಲ ನಿಂತಿಲ್ಲ. ಭಾರತದಲ್ಲಿ ನರ್ಸಿಂಗ್ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ನರ್ಸಿಂಗ್ ಕಾಲೇಜುಗಳು ಊರೂರಿಗೆ ಹಬ್ಬಿದವು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಹುಡುಗಿಯರು ಬಂದು ಓದಿದರು. ಕಾಲೇಜು ಹೆಚ್ಚಿದಷ್ಟು ಗುಣಮಟ್ಟ ಹೆಚ್ಚಲಿಲ್ಲವೆಂಬ ಕೊರಗೂ ಇದೆ. ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರುಗಳಿಗಾಗಿ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವನ್ನು ಭಾರತೀಯ ನರ್ಸಿಂಗ್ ಪರಿಷತ್ತು 2010ರ ದಶಕದಲ್ಲಿ ರೂಪಿಸಿತು. ಹೆರಿಗೆ ಶುಶ್ರೂಷೆಯ ನರ್ಸ್ ಪ್ರಾಕ್ಟೀಷನರುಗಳಿಗಾಗಿ 18 ತಿಂಗಳ ತರಬೇತಿಯ ಮಾರ್ಗಸೂಚಿ 2018ರಲ್ಲಿ ಹೊರಬಂತು. ಅದೇ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ, ಹಳ್ಳಿಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹೋಗುವವರಲ್ಲಿ ನರ್ಸಿಂಗ್ ಓದಿದವರೇ ಬಹಳ. 2023ರಲ್ಲಿ ಹಳೆಯ 1947ರ ಕಾಯಿದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು.

ವೈದ್ಯರ ವಿರೋಧ ನಮ್ಮಲ್ಲಿಯೂ ಇದೆ. ವೈದ್ಯರಲ್ಲದ ಸಮುದಾಯ ಆರೋಗ್ಯ ಸಿಬ್ಬಂದಿಗೆ ಸೀಮಿತ ಪರವಾನಗಿ ಕೊಡುವ ವಿಧಿಯನ್ನು 2019ರ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ ಸೇರಿಸಿದಾಗ ದೇಶದಾದ್ಯಂತ ವೈದ್ಯರು ಮುಷ್ಕರ ಹೂಡಿದರು. ಅವರ ವಾದದಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಅರೆಬರೆ ಕಲಿತವರ ಕೈಗೆ ಔಷಧಿ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದರೆ ವೈದ್ಯರೇ ಇಲ್ಲದ ಕಡೆ ಚೆನ್ನಾಗಿ ಕಲಿತ ದಾದಿಯ ಕೈ ಕಟ್ಟಿಹಾಕಿದರೂ ಅಪಾಯವೇ. ಆಯ್ಕೆ ಇರುವುದು ವೈದ್ಯ ಮತ್ತು ದಾದಿಯ ನಡುವೆ ಅಲ್ಲ. ಕಲಿಸಿ ಬರೆದುಕೊಟ್ಟು ಕೆಲಸ ಮಾಡಿಸುವುದೋ, ಕಲಿಸದೆ ಬರೆಯದೆ ಕದ್ದುಮುಚ್ಚಿ ಮಾಡಿಸುವುದೋ ಎಂಬುದರ ನಡುವೆ.

ನಮ್ಮ ಮಕ್ಕಳಿಗೆ, ಊರಿನಿಂದ ಬರುವವರಿಗೆ

ಇಷ್ಟು ಚರಿತ್ರೆ ಹೇಳಿದ ಮೇಲೆ, ಪ್ರಯೋಜನಕ್ಕೆ ಬರುವ ನಾಲ್ಕು ಮಾತು ಹೇಳದಿದ್ದರೆ ಲೇಖನ ಅಪೂರ್ಣ.

ಮೊದಲನೆಯದು, ಇಲ್ಲಿ ಓದಿ ಬೆಳೆದ ಮಕ್ಕಳಿಗೆ. ನಾಲ್ಕು ವರ್ಷದ ಪದವಿ, ಕೊನೆಯ ವರ್ಷದ ಫೆಬ್ರವರಿಯಲ್ಲಿ ರಾಷ್ಟ್ರೀಯ ಪರೀಕ್ಷೆ, ಪಾಸಾದರೆ ‘ಕಂಗೋಶಿ’ ಪರವಾನಗಿ. ಸಾರ್ವಜನಿಕ ಆರೋಗ್ಯ ದಾದಿಯಾಗಲು ಅಥವಾ ಸೂಲಗಿತ್ತಿಯಾಗಲು ಹೆಚ್ಚಿನ ಓದು ಮತ್ತು ಬೇರೆ ಪರೀಕ್ಷೆ. ಆಮೇಲೆ ಕೆಲವು ವರ್ಷ ವಾರ್ಡಿನಲ್ಲಿ ಗಟ್ಟಿಯಾಗಿ ದುಡಿದು, ಕೆಲಸದಲ್ಲಿದ್ದುಕೊಂಡೇ ನಿರ್ದಿಷ್ಟ ಕೆಲಸಗಳ ತರಬೇತಿ ಪಡೆಯಬಹುದು, ಇಲ್ಲವೆ ಸ್ನಾತಕೋತ್ತರ ಓದಿ ಶಿನ್‌ರ್ಯೋ ಕಂಗೋಶಿಯಾಗಬಹುದು. ಅವಸರ ಬೇಡ. ಅನುಭವವಿಲ್ಲದ ಅಧಿಕಾರ ಯಾರಿಗೂ ಒಳ್ಳೆಯದಲ್ಲ.

ಎರಡನೆಯದು, ಊರಿನಲ್ಲಿ ನರ್ಸಿಂಗ್ ಓದಿ ಮದುವೆಯಾಗಿ ಇಲ್ಲಿಗೆ ಬರುವ ಹೆಣ್ಣುಮಕ್ಕಳಿಗೆ. ನಮ್ಮ ಪ್ರಮಾಣಪತ್ರ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಆರೋಗ್ಯ ಸಚಿವಾಲಯಕ್ಕೆ ದಾಖಲೆ ಕೊಟ್ಟು, ಜಪಾನಿ ಭಾಷೆಯ ಅತ್ಯುನ್ನತ ಮಟ್ಟದ ಪರೀಕ್ಷೆ ಪಾಸಾಗಿ, ರಾಷ್ಟ್ರೀಯ ಪರೀಕ್ಷೆಗೆ ಕೂರುವ ಅರ್ಹತೆ ಪಡೆಯಬೇಕು. ಕಷ್ಟವೇ, ಆದರೆ ಮುಚ್ಚಿದ ಬಾಗಿಲಲ್ಲ. ಹಿಂದೆ ವಿದೇಶಿ ದಾದಿಯರು ಇಷ್ಟೇ ವರ್ಷ ದುಡಿಯಬಹುದೆಂಬ ಮಿತಿಯಿತ್ತು, ಅದನ್ನು 2010ರಲ್ಲಿ ತೆಗೆದರು. ನಾನು ಆ ಪರೀಕ್ಷೆಗೆ ಕೂರಲಿಲ್ಲ. ಮಕ್ಕಳು ಚಿಕ್ಕವರು, ಕಾಂಜಿ ಅಕ್ಷರಗಳು ಕಬ್ಬಿಣದ ಕಡಲೆ, ಇವತ್ತು ನಾಳೆ ಎನ್ನುತ್ತ ವರ್ಷಗಳು ಉರುಳಿದವು. ಊರಿನ ನೋಂದಣಿಯನ್ನೂ ನವೀಕರಿಸದೆ ಬಿಟ್ಟೆ. ನನ್ನ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗಿದೆ. ನೀವು ಹಾಗೆ ಮಾಡಬೇಡಿ. ವಿಮಾನ ಹತ್ತುವ ಮೊದಲು ಅಂಕಪಟ್ಟಿ, ಪಠ್ಯಕ್ರಮದ ವಿವರ, ಅನುಭವದ ಪತ್ರ ಎಲ್ಲವನ್ನೂ ಸೀಲು ಹಾಕಿಸಿ ತನ್ನಿ. ಬಂದ ಮೊದಲ ವರ್ಷವೇ ಭಾಷೆಗೆ ಕೂರಿ.

ಮೂರನೆಯದು, ಒಂದು ಎಚ್ಚರಿಕೆ. ಜಪಾನಿ ಭಾಷೆಯಲ್ಲಿ ‘ಕಂಗೊ’ ಎಂದರೆ ಶುಶ್ರೂಷೆ, ‘ಕೈಗೊ’ ಎಂದರೆ ವೃದ್ಧರ, ಅಶಕ್ತರ ದೈನಂದಿನ ಆರೈಕೆ. ಕೇಳಲು ಒಂದೇ, ಪರವಾನಗಿ ಬೇರೆ, ವೀಸಾ ಬೇರೆ. ಆರ್ಥಿಕ ಒಪ್ಪಂದಗಳ ಅಡಿಯಲ್ಲಿ 2008ರಿಂದ ಇಂಡೊನೇಷ್ಯ, 2009ರಿಂದ ಫಿಲಿಪ್ಪೀನ್ಸ್, 2014ರಿಂದ ವಿಯೆಟ್ನಾಮಿನ ದಾದಿಯರು ಬಂದರು. ಭಾರತದೊಂದಿಗೆ 2021ರ ಜನವರಿಯಲ್ಲಿ ಸಹಿಯಾದ ಒಪ್ಪಂದ ನಿರ್ದಿಷ್ಟ ಕೌಶಲದ ಕೆಲಸಗಾರರದು, ಅದರಲ್ಲಿರುವುದು ಕೈಗೊ. ಅದರ ಮೊದಲ ಹಂತದಲ್ಲಿ ಐದು ವರ್ಷದ ಮಿತಿಯಿದೆ, ಸಂಸಾರ ಕರೆತರುವಂತಿಲ್ಲ. ಕೈಗೊ ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ, ನಾನೇ ಮಾಡಿದ್ದೇನೆ, ಅದರಲ್ಲಿಯೂ ಮೇಲೇರುವ ಪರೀಕ್ಷೆಯಿದೆ. ಆದರೆ ‘ಜಪಾನಿನಲ್ಲಿ ನರ್ಸ್ ಕೆಲಸ’ ಎಂದು ಯಾರಾದರೂ ಊರಿನಲ್ಲಿ ನಿಮ್ಮ ತಂಗಿಯಿಂದಲೋ ಸೊಸೆಯಿಂದಲೋ ಹಣ ಕೇಳಿದರೆ, ಕಂಗೊನೋ ಕೈಗೊನೋ ಎಂದು ಮೊದಲು ಕೇಳಿ. ಕಾಗದದಲ್ಲಿ ಬರೆಸಿಕೊಳ್ಳಿ.

ನಾಲ್ಕನೆಯದು, ಎಲ್ಲಿ ಕೆಲಸ ಮಾಡಿದರೂ ಸಲ್ಲುವ ಮಾತು. ಯಾವ ಕೆಲಸ ನಿಮ್ಮ ಮಿತಿಯಲ್ಲಿದೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಲಿಖಿತ ಕ್ರಮಪತ್ರ ಕೇಳಿ. ವೃತ್ತಿಯ ಹೊಣೆಗಾರಿಕೆಯ ವಿಮೆ ಮಾಡಿಸಿ. ರಾತ್ರಿ ಏನು ಕಂಡಿರಿ, ಎಷ್ಟು ಹೊತ್ತಿಗೆ ಯಾರನ್ನು ಕರೆದಿರಿ, ಏನು ಮಾಡಿದಿರಿ ಎಂಬುದನ್ನು ಆಗಲೇ ಬರೆದು, ಕೆಳಗೆ ನಿಮ್ಮದೇ ಹೆಸರು ಹಾಕಿ.

ಮುಗಿಸುವ ಮುನ್ನ

ಯುಗಾದಿಯಂದು ನನ್ನನ್ನು ಪ್ರಶ್ನಿಸಿದ ತಾಯಿಗೆ ಈಗ ಹೇಳಬಲ್ಲೆ. ತಂಗೀ, ಟ್ರೇ ಹಿಡಿದು ನಿಲ್ಲುವ ದಿನಗಳೂ ಇರುತ್ತವೆ, ಸುಳ್ಳು ಹೇಳಲಾರೆ. ಆದರೆ ನಮ್ಮ ಮನೆಯಿಂದ ಸ್ವಲ್ಪ ದೂರದ ಮಿಕತಹರದಲ್ಲಿ ಇಂದು ನಿಂತಿರುವ ದೊಡ್ಡ ಆಸ್ಪತ್ರೆ, ಒಬ್ಬ ರೋಗಿಯ ಪಕ್ಕ ಕುಳಿತವರಿಂದ ಶುರುವಾದದ್ದು. ನಿಮ್ಮ ಮಗಳು ಕೇಳುತ್ತಿರುವುದು ಆ ಜಾಗವನ್ನು. ಅವಳ ಕಾಲಕ್ಕೆ ಆ ಜಾಗದಲ್ಲಿ ಕುಳಿತವಳಿಗೆ ನಿರ್ಧರಿಸುವ ಅಧಿಕಾರವೂ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. ಉಳಿದದ್ದನ್ನು ಅವಳ ಪೀಳಿಗೆ ಕೇಳಿ ಪಡೆಯಬೇಕು.

ಮತ್ತು ಆ ಹುಡುಗಿಗೆ ಒಂದು ಮಾತು. ಚೆನ್ನಾಗಿ ಓದು ಮಗಳೆ. ಕನ್ನಡವನ್ನೂ ಮರೆಯಬೇಡ. ಮುಂದೆ ಒಂದು ದಿನ ನಮ್ಮಂತಹ ಮುದುಕಿಯೊಬ್ಬಳು ಇಲ್ಲಿನ ಆಸ್ಪತ್ರೆಯಲ್ಲಿ ಮಲಗಿ, ಕಲಿತ ಜಪಾನಿಯೆಲ್ಲ ಮರೆತು, ಅಪರಾತ್ರಿಯಲ್ಲಿ “ಅಮ್ಮಾ, ನೀರು” ಎಂದಾಗ ಆ ಮಾತು ತಿಳಿಯುವ ದಾದಿಯೊಬ್ಬಳು ಪಾಳಿಯಲ್ಲಿರಲಿ. ಬೆಳಿಗ್ಗೆ ಕೇಸ್ ಷೀಟಿನಲ್ಲಿ ಅವಳ ಹೆಸರೂ ಇರಲಿ.